ಕಂಪ್ಯೂಟರಿಗೆ ಬೀಳುವ ಕಳ್ಳಬೀಗ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷ ಒಂದು ಸಹಕಾರ ಸಂಘವನ್ನು ನಡೆಸಿಕೊಂಡು ಬರುವುದೆಂದರೆ ಹುಡುಗಾಟದ ಮಾತಲ್ಲ. ಅದಕ್ಕಾಗಿ ಮೊದಲು ನಿಮಗೆಲ್ಲ ನಮ್ಮ ಅಭಿನಂದನೆ. ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನಮ್ಮನ್ನು ಈ ವೇದಿಕೆಗೆ ಕರೆದಾಗ ಕೊಂಚ ಅಳುಕಾಯಿತು. ಬೆಳೆಸಾಲ, ಗೊಬ್ಬರದ ವಿಷಯ ಹೇಳೋದಕ್ಕೆ ನಮಗಿಂತ ತಿಳಿದವರು ಇಲ್ಲೇ ಕೂತಿದ್ದೀರಿ. ಆದ್ದರಿಂದ ನಮ್ಮ ಕಸುಬಿಗೆ ಸಂಬಂಧಿಸಿದ ಒಂದೇ ಒಂದು ಸಂಗತಿ ಹೇಳಿ ಇಳಿಯುತ್ತೇವೆ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಶುರುವಾದಾಗ ಲೆಕ್ಕವೆಲ್ಲ ಕೈಬರಹದ ಖಾತೆ ಪುಸ್ತಕದಲ್ಲಿತ್ತು. ಪುಸ್ತಕಕ್ಕೆ ಗೆದ್ದಲು, ಮಳೆನೀರು, ಇಲಿ ಇವೇ ಶತ್ರುಗಳು. ಈಗ ಕಾಲ ಬೇರೆ. 63,000 ಪ್ರಾಥಮಿಕ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಣ ಮಾಡಲು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮನೆಗಳಲ್ಲೂ ಮಕ್ಕಳ ಓದು, ಮದುವೆ ಫೋಟೊ, ಜಮೀನಿನ ಕಾಗದದ ನಕಲು ಎಲ್ಲ ಕಂಪ್ಯೂಟರಿನೊಳಗೇ. ಇದಕ್ಕೆ ಬರುವ ಹೊಸ ಗೆದ್ದಲಿನ ಹೆಸರು ರಾನ್ಸಮ್‌ವೇರ್. ನಮ್ಮ ಮಾತಿನಲ್ಲಿ ಹೇಳುವುದಾದರೆ, ಯಾರೋ ಕಳ್ಳ ಮನೆಗೆ ನುಗ್ಗಿ, ಟ್ರಂಕನ್ನು ಹೊತ್ತುಕೊಂಡು ಹೋಗದೆ, ಅದಕ್ಕೆ ತನ್ನದೇ ಒಂದು ಬೀಗ ಜಡಿದು, "ಕೀಲಿ ಬೇಕಾದರೆ ಇಷ್ಟು ಹಣ ಕಳಿಸು" ಅಂತ ಚೀಟಿ ಅಂಟಿಸಿ ಹೋದ ಹಾಗೆ.

ಈ ವಿದ್ಯೆ ತೀರ ಹೊಸದೇನಲ್ಲ. 1989ರಲ್ಲಿ ಏಡ್ಸ್ ರೋಗದ ಮಾಹಿತಿ ಎಂದು ಹೇಳಿಕೊಂಡ ಫ್ಲಾಪಿಗಳು ಅಂಚೆಯಲ್ಲಿ ಹಲವು ದೇಶಗಳಿಗೆ ಹೋದವು. ಹಾಕಿಕೊಂಡವರ ಕಂಪ್ಯೂಟರು ಸುಮಾರು 90 ಸಲ ಶುರುವಾಗುವವರೆಗೆ ಸುಮ್ಮನಿದ್ದು, ಆಮೇಲೆ ಫೈಲುಗಳ ಹೆಸರನ್ನೆಲ್ಲ ಕಲಸಿಬಿಟ್ಟು, ಪನಾಮಾ ದೇಶದ ಒಂದು ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಿ ಅಂತಿತ್ತು. ಆ ಬೀಗ ಗಟ್ಟಿಯಿರಲಿಲ್ಲ, ಬಿಡಿಸುವ ಉಪಾಯ ಬೇಗ ಸಿಕ್ಕಿತು. ಈಗಿನದು ಹಾಗಲ್ಲ. ಸರಿಯಾಗಿ ಮಾಡಿದ ಬೀಗವಾದರೆ ಕಳ್ಳನ ಹತ್ತಿರದ ಕೀಲಿ ಇಲ್ಲದೆ ಲೋಕದ ಯಾವ ಮೆಕ್ಯಾನಿಕ್ಕೂ ತೆಗೆಯಲಾರ.

ಹೇಗೆ ಗುರುತಿಸೋದು? ಮೊದಲು ಸುಳ್ಳು ಬೀಗ ಯಾವುದು ಅಂತ ತಿಳಿದುಕೊಳ್ಳಿ. ಇಂಟರ್ನೆಟ್ ನೋಡುತ್ತಿರುವಾಗ ಏಕ್‌ದಂ ಪರದೆ ತುಂಬ ಪೊಲೀಸ್ ಲಾಂಛನ ಬಂದು, "ನೀವು ಅಪರಾಧ ಮಾಡಿದ್ದೀರಿ, ದಂಡ ಕಟ್ಟಿ" ಅನ್ನುತ್ತದೆ. ಇಲ್ಲವೇ ಗಂಟೆ ಬಾರಿಸುತ್ತ "ಈ ನಂಬರಿಗೆ ಫೋನ್ ಮಾಡಿ" ಅನ್ನುತ್ತದೆ. ಎಷ್ಟೋ ಸಲ ಇದು ಬರೀ ಒಂದು ಚಿತ್ರ. ಯಾವ ಪೊಲೀಸರೂ ಹೀಗೆ ದಂಡ ವಸೂಲಿ ಮಾಡುವುದಿಲ್ಲ. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರೂ ಗುಂಡಿ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆರೆದು, ಬ್ರೌಸರನ್ನು ಮುಚ್ಚಿಬಿಡಿ. ಮತ್ತೆ ತೆರೆದಾಗ ಹಳೇ ಪುಟ ಬೇಕೇ ಎಂದು ಕೇಳಿದರೆ ಬೇಡ ಅನ್ನಿ. ನಿಮ್ಮ ಫೋಟೊ, ಲೆಕ್ಕ ಎಲ್ಲ ಮೊದಲಿನಂತೆ ತೆರೆದುಕೊಂಡರೆ ಬೀಗ ಬಿದ್ದಿಲ್ಲ ಅಂತ ಅರ್ಥ. ಆಮೇಲೆ ಒಂದು ಸಲ ವೈರಸ್ ತಪಾಸಣೆ ಮಾಡಿಸಿದರಾಯಿತು.

ನಿಜವಾದ ಬೀಗದ ಲಕ್ಷಣವೇ ಬೇರೆ. ಕಂಪ್ಯೂಟರು ಕಾರಣವಿಲ್ಲದೆ ನಿಧಾನವಾಗುತ್ತದೆ, ಡಿಸ್ಕಿನ ದೀಪ ಮಿನುಗುತ್ತಲೇ ಇರುತ್ತದೆ. ಫೈಲುಗಳ ಹೆಸರಿನ ತುದಿಗೆ ನೀವು ಕಂಡುಕೇಳದ ಒಂದು ಬಾಲ ಬೆಳೆದಿರುತ್ತದೆ. ಫೋಟೊದ ಗುರುತು ಹೋಗಿ ಬಿಳೀ ಹಾಳೆಯ ಗುರುತು ಬರುತ್ತದೆ. ಒತ್ತಿದರೆ ತೆರೆಯುವುದಿಲ್ಲ. ಪ್ರತಿ ಫೋಲ್ಡರಿನಲ್ಲೂ ಒಂದೇ ಒಕ್ಕಣೆಯ ಚೀಟಿ ಬಿದ್ದಿರುತ್ತದೆ.

ನಮ್ಮ ಅಂಗಡಿಗೆ ಬಂದ ಒಂದು ಪ್ರಕರಣ ಹೇಳುತ್ತೇವೆ. ಕಾಲೇಜು ಓದುವ ಹುಡುಗ, ದುಡ್ಡು ಕೊಟ್ಟು ಕೊಳ್ಳಬೇಕಾದ ಒಂದು ಸಾಫ್ಟ್‌ವೇರನ್ನು ಬಿಟ್ಟಿಯಾಗಿ, ಅಂದರೆ 'ಕ್ರ್ಯಾಕ್' ಮಾಡಿದ್ದನ್ನು, ಇಳಿಸಿಕೊಂಡ. ಅದರ ಜೊತೆಗೆ ಸ್ಟಾಪ್ ಎಂಬ ತಳಿಯ ರಾನ್ಸಮ್‌ವೇರ್ ಬಂತು. ಈ ತಳಿ ಬರುವುದು ಹೆಚ್ಚಾಗಿ ಇದೇ ದಾರಿಯಲ್ಲಿ. 'ರೀಡ್‌ಮಿ' ಅನ್ನುವ ಚೀಟಿಯಲ್ಲಿ 980 ಡಾಲರ್ ಕೇಳಿತ್ತು, 72 ಗಂಟೆಯೊಳಗೆ ಕೊಟ್ಟರೆ ಅರ್ಧಕ್ಕೇ, 490ಕ್ಕೆ, ಬಿಡುತ್ತೇವೆ ಅಂತಿತ್ತು. ಸಂತೆ ವ್ಯಾಪಾರವೇ ಸರಿ! ಮನೆಯವರು ಗಾಬರಿಬಿದ್ದರು. ಪರಿಚಯದವರೊಬ್ಬರು ಬಂದು, "ವೈರಸ್ ತಾನೆ, ತೆಗೆದುಹಾಕಿದರಾಯಿತು" ಎಂದು ಇಡೀ ಡಿಸ್ಕನ್ನೇ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಟ್ಟರು. ವೈರಸ್ಸೇನೋ ಹೋಯಿತು. ಅಕ್ಕನ ಮದುವೆಯ ಫೋಟೊಗಳೂ ಹೋದವು, ತೀರಿಕೊಂಡ ಅಜ್ಜಿಯದು ಆ ಮದುವೆಯಲ್ಲಿ ತೆಗೆದದ್ದೇ ಕೊನೆಯ ಚಿತ್ರವಂತೆ. 2019ರ ಅಕ್ಟೋಬರಿನಲ್ಲಿ ಎಮ್ಸಿಸಾಫ್ಟ್ ಎಂಬ ಕಂಪನಿ ಇದೇ ಸ್ಟಾಪ್ ತಳಿಯ 148 ಬಗೆಗಳಿಗೆ ಬೀಗ ಬಿಡಿಸುವ ಸಾಧನವನ್ನು ಪುಕ್ಕಟೆ ಬಿಟ್ಟಿತು. ಈ ಮನೆಯವರದು ಆ 148ರಲ್ಲಿ ಸೇರಿತ್ತೋ ಇಲ್ಲವೋ, ನೋಡೋಣವೆಂದರೆ ಬೀಗ ಬಿದ್ದ ಫೈಲೇ ಉಳಿದಿರಲಿಲ್ಲ.

ಅದಕ್ಕೇ ನಾವು ಒತ್ತಿ ಹೇಳೋದು: ಕಳ್ಳನನ್ನು ಓಡಿಸುವುದು ಬೇರೆ, ಬೀಗ ತೆಗೆಯುವುದು ಬೇರೆ. ಮೊದಲನೆಯದು ಹೆಚ್ಚುಕಡಿಮೆ ಯಾವಾಗಲೂ ಆಗುತ್ತದೆ. ಎರಡನೆಯದು ಆದರೆ ಆಯಿತು.

ಬೀಗ ಬಿದ್ದದ್ದು ಕಂಡ ಕೂಡಲೇ ಇಂಟರ್ನೆಟ್ ತಂತಿ ಕೀಳಿ, ವೈಫೈ ಆರಿಸಿ, ಚುಚ್ಚಿರುವ ಪೆನ್‌ಡ್ರೈವು, ಹೊರಡಿಸ್ಕು ಎಲ್ಲ ಎಳೆಯಿರಿ. ಇದು ಬಡವರ ಉಪಾಯ ಅಂದುಕೊಳ್ಳಬೇಡಿ. 2024ರ ಜುಲೈ ಕೊನೆಯಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ಕಂಪ್ಯೂಟರ್ ಸೇವೆ ಕೊಡುವ ಸಿ-ಎಡ್ಜ್ ಸಂಸ್ಥೆಗೆ ರಾನ್ಸಮ್‌ವೇರ್ ಬಡಿದಾಗ, ರಾಷ್ಟ್ರೀಯ ಪಾವತಿ ನಿಗಮ ಮಾಡಿದ್ದೂ ಇದನ್ನೇ. ಸೋಂಕು ಹರಡದಿರಲಿ ಎಂದು ಆ ಸಂಸ್ಥೆಯ ಸಂಪರ್ಕ ಕಡಿಯಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ತೊಂದರೆಯಾಯಿತು, ಮಾರನೆಯ ದಿನ ಸಂಪರ್ಕ ಮರಳಿತು. ಇನ್ನು, ಕಣ್ಣೆದುರೇ ಫೈಲುಗಳ ಹೆಸರು ಬದಲಾಗುತ್ತಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಯಂತ್ರವನ್ನೇ ಆರಿಸಿ. ಉಳಿದಷ್ಟು ಉಳಿಯಲಿ.

ಚೀಟಿಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿಡಿ. 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಸಂಘದ ಕಂಪ್ಯೂಟರಾದರೆ, 2022ರ ಏಪ್ರಿಲ್ ಆದೇಶದ ಪ್ರಕಾರ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ 6 ಗಂಟೆಯೊಳಗೆ ತಿಳಿಸಬೇಕು, ಕಾರ್ಯದರ್ಶಿಗಳು ಇದನ್ನು ಬರೆದುಕೊಳ್ಳಲಿ.

ಆಮೇಲೆ ತಿಳಿದವರ ಕೈಯಲ್ಲಿ, ಬೀಗ ಬಿದ್ದ ಫೈಲುಗಳನ್ನೂ ಆ ಚೀಟಿಯನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಸಿ ಎತ್ತಿಡಿ. ಅದಾದ ಮೇಲೇ ಶುದ್ಧಿ ಕೆಲಸ. ವಿಂಡೋಸಿನಲ್ಲೇ ಇರುವ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನು ವಿಂಡೋಸ್ ಎದ್ದೇಳುವ ಮೊದಲೇ ಹುಡುಕುವುದರಿಂದ ಅವಿತುಕೊಂಡದ್ದೂ ಸಿಗುತ್ತದೆ. ಆದರೂ ನಮ್ಮ ಅಭಿಪ್ರಾಯ ಕೇಳಿದರೆ, ಡಿಸ್ಕ್ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದೇ ಮನಸ್ಸಿಗೆ ನೆಮ್ಮದಿ. ಬ್ಯಾಂಕಿನ, ಮೇಲಿನ ಪಾಸ್‌ವರ್ಡ್‌ಗಳನ್ನು ಬೇರೊಂದು ಶುದ್ಧ ಯಂತ್ರದಿಂದ ಬದಲಿಸಿ. ಬೀಗದವನ ಜೊತೆ ಪಾಸ್‌ವರ್ಡ್ ಕದಿಯುವವನೂ ಬಂದಿರುವುದುಂಟು.

ಕೀಲಿ ಹುಡುಕಲು ಒಂದು ಜಾಗ ಇದೆ. ನೆದರ್‌ಲೆಂಡ್ಸ್ ಪೊಲೀಸರು, ಯೂರೋಪೋಲ್ ಮತ್ತು ಎರಡು ಕಂಪನಿಗಳು ಸೇರಿ 2016ರಲ್ಲಿ ಶುರುಮಾಡಿದ 'ನೋ ಮೋರ್ ರಾನ್ಸಮ್'. ಅಲ್ಲಿ ಚೀಟಿಯನ್ನೂ ಬೀಗ ಬಿದ್ದ ಒಂದೆರಡು ಫೈಲನ್ನೂ ಕೊಟ್ಟರೆ ತಳಿ ಯಾವುದು, ಕೀಲಿ ಇದೆಯೇ ಅಂತ ಹೇಳುತ್ತಾರೆ, ಕಾಸಿಲ್ಲ. ಇವತ್ತು ಇಲ್ಲದಿದ್ದರೆ ಆರು ತಿಂಗಳು ಬಿಟ್ಟು ಮತ್ತೆ ನೋಡಿ. ಕಳ್ಳನಿಗೆ ದುಡ್ಡು ಕೊಡಬೇಡಿ. ಕೊಟ್ಟ ಮೇಲೂ ಕೀಲಿ ಬರುತ್ತದೆಂಬ ಖಾತರಿ ಇಲ್ಲ. "ನೂರಕ್ಕೆ ನೂರು ತೆಗೆದುಕೊಡುತ್ತೇವೆ" ಅನ್ನುವ ದಲ್ಲಾಳಿಗಳನ್ನೂ ನಂಬಬೇಡಿ.

ಬೀಗ ಬೀಳದಂತೆ ನೋಡಿಕೊಳ್ಳುವ ಮಾತಿಗೆ ಬಂದರೆ, 2017ರ ಮೇ 12ರಂದು ವಾನ್ನಕ್ರೈ ಎಂಬುದು ಸುಮಾರು 150 ದೇಶಗಳಿಗೆ ಹಬ್ಬಿತು. ನಮ್ಮ ಪಕ್ಕದ ಕೇರಳದ ವಯನಾಡು ಜಿಲ್ಲೆಯ ಗ್ರಾಮ ಪಂಚಾಯಿತಿ ಕಚೇರಿಯನ್ನೂ ಬಿಡಲಿಲ್ಲ. ಅದು ನುಗ್ಗುವ ಕಂಡಿಯನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ಕೊಟ್ಟಿತ್ತು. ಹಾಕಿಕೊಳ್ಳದ ಯಂತ್ರಗಳು ಸಿಕ್ಕಿಬಿದ್ದವು. ಅಪ್‌ಡೇಟ್ ಕೇಳಿದಾಗಲೆಲ್ಲ 'ನಾಳೆ' ಎನ್ನುವವರು ನಮ್ಮಲ್ಲಿ ಬಹಳ.

ಆದರೆ ಎಷ್ಟು ಜಾಗ್ರತೆಯಿದ್ದರೂ ಬೀಳುವ ದಿನ ಬಿದ್ದೀತು. ಆಗ ಕೈಹಿಡಿಯುವುದು ನಕಲು ಪ್ರತಿ ಒಂದೇ. ಎರಡು ಹೊರಡಿಸ್ಕು ಕೊಂಡು, ಈ ವಾರ ಒಂದಕ್ಕೆ, ಮುಂದಿನ ವಾರ ಇನ್ನೊಂದಕ್ಕೆ ನಕಲು ಮಾಡಿ. ಮಾಡಿದ ಕೂಡಲೇ ತಂತಿ ಕಿತ್ತು ಬೀರುವಿನಲ್ಲಿಡಿ. ಚುಚ್ಚಿಯೇ ಬಿಟ್ಟರೆ ಅದಕ್ಕೂ ಬೀಗ ಬೀಳುತ್ತದೆ, ನಕಲು ಮಾಡಿಯೂ ದಂಡ. ಆಗಾಗ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಸಂಘದಲ್ಲಂತೂ ತಿಂಗಳಿಗೊಮ್ಮೆ ಸದಸ್ಯರ ಬಾಕಿ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ, ಸಹಿ ಹಾಕಿ ಇಡುವುದು ಒಳ್ಳೆಯದು. ನಮ್ಮ ಕಸುಬಿನವರೇ ಇದಕ್ಕೆ ನಕ್ಕಾರು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ಬೀಗ ಬಿದ್ದಾಗ ಅಷ್ಟು ದೊಡ್ಡ ಆಸ್ಪತ್ರೆ ಹಲವು ದಿನ ನಡೆದದ್ದು ಕೈಬರಹದ ಮೇಲೇ. ನೀವೂ ಅಷ್ಟೆ, ಕಂತು ಕಟ್ಟಿದಾಗ ಪಾಸ್‌ಪುಸ್ತಕದಲ್ಲಿ ಬರೆಸಿಕೊಳ್ಳದೆ ಹೋಗಬೇಡಿ. ಅದು ನಿಮ್ಮ ಮನೆಯಲ್ಲಿರುವ ಸಂಘದ ಲೆಕ್ಕದ ಪ್ರತಿ.

ಕೊನೆಗೊಂದು ವಿಷಯ. ವಿಂಡೋಸ್ 10ಕ್ಕೆ ಸಾಮಾನ್ಯ ಭದ್ರತಾ ತಿದ್ದುಪಡಿ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಪ್ರತ್ಯೇಕವಾಗಿ ನೋಂದಾಯಿಸಿಕೊಂಡ ಯಂತ್ರಗಳನ್ನು ಬಿಟ್ಟು. ನಿಮ್ಮದು ಯಾವುದು ಅಂತ ಗೊತ್ತಿಲ್ಲದವರು ಊಟ ಆದ ಮೇಲೆ ಲ್ಯಾಪ್‌ಟಾಪ್ ತೆಗೆದುಕೊಂಡು ಸಂಘದ ಕಚೇರಿಗೆ ಬನ್ನಿ, ಸಂಜೆ ಐದರವರೆಗೆ ಅಲ್ಲೇ ಕೂತಿರುತ್ತೇವೆ. ಡಿಫೆಂಡರಿನೊಳಗೆ ರಾನ್ಸಮ್‌ವೇರ್ ತಡೆಯುವ ಒಂದು ಗುಂಡಿ ಇದೆ. ಎಷ್ಟೋ ಯಂತ್ರಗಳಲ್ಲಿ ಅದು ಮುಚ್ಚಿಯೇ ಇರುತ್ತದೆ, ಅದನ್ನೂ ತೋರಿಸಿಕೊಡುತ್ತೇವೆ.