ಕಾಲಿನ ಹೊಟ್ಟೆ, ಅಮ್ಮನ ಮೀನಖಂಡ

(ಜರ್ಮನಿಯಲ್ಲಿ ನಡೆದ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತುಗಳು)

ನಾನು ಡಾಕ್ಟರಲ್ಲ, ನಿಮ್ಮಲ್ಲಿ ಹಲವರಂತೆ ಸಾಫ್ಟ್‌ವೇರಿನವನು. ಆದರೂ ಇವತ್ತು ಕಾಲಿನ ಒಂದು ಸ್ನಾಯುವಿನ ಹೆಸರಿನ ಬಗ್ಗೆ ಮಾತಾಡುತ್ತೇನೆ. ಅದಕ್ಕೆ ಕಾರಣ ನಮ್ಮಮ್ಮ.

ಅಮ್ಮ ಇಲ್ಲಿಗೆ ಬಂದಿದ್ದಾಗ ಒಂದು ದಿನ ಮೆಟ್ಟಿಲು ಹತ್ತುತ್ತಾ ಕಾಲಿನ ಹಿಂಭಾಗ ಚಳಕ್ ಎಂದಿತು. ಡಾಕ್ಟರು ನೋಡಿ, ಗ್ಯಾಸ್ಟ್ರೊಕ್ನೀಮಿಯಸ್ ಎಳೆದುಕೊಂಡಿದೆ ಎಂದು ನನಗೆ ಇಂಗ್ಲಿಷಿನಲ್ಲಿ ವಿವರಿಸಿದರು. ನಾನು ಆ ಹೆಸರನ್ನೇ ಅಮ್ಮನಿಗೆ ಒಪ್ಪಿಸಿದೆ. "ಗ್ಯಾಸ್ಟ್ರಿಕ್ಕಾ? ನನ್ನ ಹೊಟ್ಟೆಗೇನಾಗಿದೆಯೋ! ನೋವಿರೋದು ಮೀನಖಂಡದಲ್ಲಿ" ಎಂದರು ಅಮ್ಮ. ಆ ಪದ ನನ್ನ ಬಾಯಿಗೆ ಬಂದೇ ಇರಲಿಲ್ಲ. ತುದಿಗಾಲಲ್ಲಿ ನಿಲ್ಲಬೇಡಿ, ಆದರೆ ನಿಧಾನವಾಗಿ ಓಡಾಡಿ ಎಂದಿದ್ದರು ಡಾಕ್ಟರು. ನಾನು "ಕಾಲಿಗೆ ರೆಸ್ಟ್ ಕೊಡಬೇಕಂತೆ" ಎಂದುಬಿಟ್ಟೆ. ಪಾಪ, ಅಮ್ಮ ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ಆಮೇಲೆ ಆ ಹೆಸರನ್ನು ಬಿಡಿಸಿ ನೋಡಿದೆ. ಗ್ರೀಕಿನಲ್ಲಿ 'ಗ್ಯಾಸ್ಟರ್' ಅಂದರೆ ಹೊಟ್ಟೆ, 'ಕ್ನೀಮಿ' ಅಂದರೆ ಮೊಣಕಾಲಿನ ಕೆಳಗಿನ ಕಾಲು. ಹಿಂದೆ ಉಬ್ಬಿಕೊಂಡ ಭಾಗ ಗ್ರೀಕರಿಗೆ ಕಾಲಿನ ಹೊಟ್ಟೆಯಂತೆ ಕಂಡಿತು. ಅದಕ್ಕೊಂದು ಲ್ಯಾಟಿನ್ ಬಾಲ ಸೇರಿತು, ಅಷ್ಟೆ. ಅಮ್ಮನಿಗೆ ಹೊಟ್ಟೆ ಎಂದು ಕೇಳಿಸಿದ್ದು ಪೂರ್ತಿ ತಪ್ಪೇನಲ್ಲ!

ಅದರಡಿಯಲ್ಲಿ ಚಪ್ಪಟೆಯಾಗಿರುವ ಸ್ನಾಯು ಸೋಲಿಯಸ್. ಲ್ಯಾಟಿನ್ನಿನ 'ಸೋಲಿಯ' ಅಂದರೆ ಚಪ್ಪಲಿ. ಚಪ್ಪಲಿಯಂತಿರುವ ಒಂದು ಚಪ್ಪಟೆ ಮೀನಿಗೂ ಅದೇ ಹೆಸರು. ತೊಡೆಯ ಮೇಲೆ ಓರೆಯಾಗಿ ಹಾಯುವ ಸಾರ್ಟೋರಿಯಸ್‌ನಲ್ಲಿರುವುದು 'ಸಾರ್ಟರ್', ಅಂದರೆ ದರ್ಜಿ. ಹಿಂದೆ ದರ್ಜಿಗಳು ಚಕ್ಕಳಮಕ್ಕಳ ಹಾಕಿ ಕೂತು ಹೊಲಿಯುತ್ತಿದ್ದರಲ್ಲ, ಹಾಗೆ ಕೂರಲು ನೆರವಾಗುವ ಸ್ನಾಯು ಅದು. 'ಮಸಲ್' ಎಂಬುದರ ಮೂಲವಾದ ಲ್ಯಾಟಿನ್ ಪದದ ಅರ್ಥವೋ, ಪುಟ್ಟ ಇಲಿ!

ಹೊಟ್ಟೆ, ಚಪ್ಪಲಿ, ದರ್ಜಿ, ಇಲಿ. ಎಲ್ಲವೂ ಮನೆ-ಬೀದಿಯ ಮಾತುಗಳು. ನಮಗೆ ಅರ್ಥವಾಗದ್ದರಿಂದ ಘನವಾಗಿ ಕಾಣುತ್ತವೆ. ಮೀನಿನಂತಹ ಖಂಡವನ್ನು ಮೀನಖಂಡ ಎಂದ ನಮ್ಮ ಹಿರಿಯರ ಕಣ್ಣು ಗ್ರೀಕರ ಕಣ್ಣಿಗಿಂತ ಕಡಿಮೆಯದೇನಲ್ಲ. ನಾವು ಮಾತ್ರ ಅದನ್ನು ಹಳ್ಳಿಮಾತು ಎಂದು ಬದಿಗಿಟ್ಟಿದ್ದೇವೆ.

ಈ ದೇಶದವರನ್ನು ನೋಡಿ. 1895ರಲ್ಲಿ ಬಾಸೆಲ್‌ನಲ್ಲಿ ಅಂಗರಚನೆಯ ಲ್ಯಾಟಿನ್ ಹೆಸರುಗಳ ಪಟ್ಟಿಯನ್ನು ಒಪ್ಪಿದ್ದು ಜರ್ಮನ್ ವಿಜ್ಞಾನಿಗಳ ಸಂಘವೇ. ಆದರೆ ಜರ್ಮನ್ನರು ತಮ್ಮ ನುಡಿಯನ್ನು ಬಿಡಲಿಲ್ಲ. ಸೋಲಿಯಸ್‌ಗೆ 'ಶೋಲನ್‌ಮುಸ್ಕೆಲ್', ಅಂದರೆ ಚಪ್ಪಟೆ ಮೀನಿನ ಸ್ನಾಯು. ಸಾರ್ಟೋರಿಯಸ್‌ಗೆ 'ಶ್ನೈಡರ್‌ಮುಸ್ಕೆಲ್', ದರ್ಜಿ ಸ್ನಾಯು. ಲ್ಯಾಟಿನ್ ಪುಸ್ತಕಕ್ಕೆ, ಜರ್ಮನ್ ರೋಗಿಗೆ.

ಲ್ಯಾಟಿನ್ ಬೇಡ ಎಂದು ನಾನು ಹೇಳುತ್ತಿಲ್ಲ. ಕೇಳುವುದಿಷ್ಟೆ: ಈ ವಾರ ಊರಿಗೆ ಫೋನ್ ಮಾಡಿದಾಗ, ಮೈಯ ಭಾಗಗಳಿಗೆ ಮನೆಯ ಹಿರಿಯರು ಬಳಸುವ ಪದಗಳನ್ನು ಕೇಳಿ ಬರೆದುಕೊಳ್ಳಿ. ಹಿಮ್ಮಡಿ, ಹರಡು, ಪಕ್ಕೆ, ಮೀನಖಂಡ. ಕನ್ನಡ ವಿಕಿಪೀಡಿಯದಲ್ಲಿ ಬರೆಯುವಾಗ ಅವನ್ನೇ ಬಳಸಿ. ನಮ್ಮಲ್ಲಿರುವ ಡಾಕ್ಟರುಗಳು ತಪ್ಪಿದ್ದರೆ ತಿದ್ದಿಕೊಡಿ. ಮುಂದಿನ ಸಲ ಯಾರದೋ ಅಮ್ಮ ಎರಡು ದಿನ ಸುಮ್ಮನೆ ಮಲಗುವುದು ತಪ್ಪುತ್ತದೆ.