ಕೊಯ್ಯುವ ಯಂತ್ರ ಒದೆಯುವ ಮುನ್ನ
(ಊರ ಚಾವಡಿಯಲ್ಲಿ ಆಡಿದ ಮಾತುಗಳು)



ನಾನು ಓದಿದ್ದು ಬೇಸಾಯದ ಡಿಪ್ಲೊಮಾ. ಬೀಜ ಗೊಬ್ಬರದ ಮಾತಾಡಲು ಬರುವವನು ಇಂದು ಗರಗಸದ ಮಾತು ಏಕೆ ತೆಗೆದನೆಂದು ನಿಮಗೆ ಅನಿಸಬಹುದು. ಈಗ ಊರೂರಿಗೆ ಕರೆಂಟಿನ ಕೊಯ್ಯುವ ಯಂತ್ರ ಬಂದಿದೆ. ಗೋದಲಿ, ಕೊಟ್ಟಿಗೆಯ ಬಾಗಿಲು, ಮೇವಿನ ಅಟ್ಟ ಇವಕ್ಕೆಲ್ಲ ಆಚಾರ್ರು ಬರುವತನಕ ಕಾಯದೆ ನೀವೇ ಹಲಗೆ ಕೊಯ್ದುಕೊಳ್ಳುತ್ತಿದ್ದೀರಿ. ಒಳ್ಳೆಯದೇ. ಆದರೆ ನನ್ನ ಕಣ್ಣೆದುರಿಗೇ ಒಬ್ಬ ರೈತರ ಎರಡು ಬೆರಳು ಹೋದವು. ಅದರಲ್ಲಿ ನನ್ನ ತಪ್ಪೂ ಇತ್ತು. ಅದನ್ನು ಹೇಳಿಯೇ ಮುಂದಕ್ಕೆ ಹೋಗುತ್ತೇನೆ.

ಅವರು ಗೋದಲಿಗೆಂದು ಬೇವಿನ ಹಲಗೆ ಕೊಯ್ಯುತ್ತಿದ್ದರು. ಕೈಯಲ್ಲಿದ್ದದ್ದು ಕಲ್ಲು ಕೊಯ್ಯುವ ಮಾರ್ಬಲ್ ಕಟರ್. ಅದಕ್ಕೇ ಮರದ ಬ್ಲೇಡು ಹಾಕಿ, ಅಡ್ಡ ಬರುತ್ತದೆಂದು ಮುಚ್ಚಳ ಬಿಚ್ಚಿಟ್ಟಿದ್ದರು. ಬಲಗೈಯಲ್ಲಿ ಯಂತ್ರ, ಎಡಗೈ ಯಂತ್ರದ ಹಿಂದೆ ಹಲಗೆಯ ಮೇಲೆ. ಹಲಗೆಯ ಹೊರತುದಿ ಜೋತು ಬೀಳುತ್ತಿತ್ತು. ಸಹಾಯವಾಗಲೆಂದು ನಾನು ಆ ತುದಿಯನ್ನು ಹಿಡಿದು ಮೇಲಕ್ಕೆತ್ತಿದೆ. ಎತ್ತಿದೊಡನೆ ಕೊಯ್ದ ಸಂದು ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿತು. ಯಂತ್ರ ಎಗರಿ ಹಿಂದಕ್ಕೆ ಒದೆಯಿತು. ರಾಗಿ ಕೊಯ್ಲಿಗೆ ಆಗ ಹದಿನೈದು ದಿನವಿತ್ತು. ಇಂದಿಗೂ ಹಾಲು ಕರೆಯಲು ಅವರು ಮನೆಯವರನ್ನೇ ಕರೆಯಬೇಕು.

ಅದು ಏಕೆ ಒದೆಯಿತು? ಆಮೇಲೆ ಒಬ್ಬ ಹಿರಿಯ ಆಚಾರ್ರ ಹತ್ತಿರ ಕುಳಿತು ಕೇಳಿ ತಿಳಿದೆ. ಈ ಬ್ಲೇಡಿನ ಮುಂದಿನ ಹಲ್ಲುಗಳು ಮರವನ್ನು ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತವೆ. ಸಂದು ಮುಚ್ಚಿ ಬ್ಲೇಡು ಸಿಕ್ಕಿಕೊಂಡರೆ, ಮರವನ್ನು ಕೊಯ್ಯಬೇಕಾದ ಬಲವೆಲ್ಲ ಯಂತ್ರವನ್ನೇ ಎತ್ತಿ ಹಿಡಿದವನ ಕಡೆಗೆ ಎಸೆಯುತ್ತದೆ. ೧೬೫ ಮಿಲಿಮೀಟರು ಅಗಲದ ಬ್ಲೇಡು ನಿಮಿಷಕ್ಕೆ ೫,೦೦೦ ಸುತ್ತು ತಿರುಗಿದರೆ ಅದರ ಹಲ್ಲು ಗಂಟೆಗೆ ೧೫೦ ಕಿಲೋಮೀಟರಿಗೂ ಮೇಲಿನ ವೇಗದಲ್ಲಿ ಓಡುತ್ತದೆ. ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇನೆ ಎಂಬ ಧೈರ್ಯ ಬೇಡ.

ಈಗ ನಿಮ್ಮೂರಿನ ನಾಲ್ಕು ಮನೆಯವರು ಸೇರಿ ತಂದಿರುವ ಈ ಯಂತ್ರವನ್ನು ನೋಡಿ. ಅಂಗಡಿಯವರು ಇದನ್ನು ಪ್ಲಂಜ್ ಸಾ ಎನ್ನುತ್ತಾರೆ. ಬ್ಲೇಡು ಮುಚ್ಚಳದೊಳಗೇ ಅಡಗಿರುತ್ತದೆ. ಮೇಲಿನಿಂದ ಒತ್ತಿದರೆ ಮಾತ್ರ ಕೆಳಗಿಳಿಯುತ್ತದೆ, ಬಿಟ್ಟರೆ ಸ್ಪ್ರಿಂಗು ಒಳಕ್ಕೆಳೆಯುತ್ತದೆ. ಹಲಗೆಯ ಅಂಚಿನಿಂದಲೇ ಶುರುಮಾಡಬೇಕೆಂದಿಲ್ಲ, ನಡುವೆಯೂ ಇಳಿಸಬಹುದು. ಜೊತೆಗೆ ಬರುವ ಅಲ್ಯೂಮಿನಿಯಂ ಪಟ್ಟಿ ಇದಕ್ಕೆ ರೈಲಿನ ಹಳಿಯಿದ್ದ ಹಾಗೆ. (ಕೈಯಲ್ಲಿ ಹಿಡಿದು ಕೊಯ್ಯುವ ಕರೆಂಟಿನ ಗರಗಸ ಹುಟ್ಟಿದ್ದು ಕಬ್ಬಿನ ಗದ್ದೆಯಿಂದ ಎಂದರೆ ನಗಬೇಡಿ. ಅಮೆರಿಕದ ಎಡ್ಮಂಡ್ ಮಿಶೆಲ್ ಎಂಬುವರು ಕೂಲಿಯವರು ಮಚ್ಚಿನಿಂದ ಕಬ್ಬು ಕಡಿಯುವುದನ್ನು ಕಂಡು ಮಚ್ಚಿಗೆ ಮೋಟಾರು ಜೋಡಿಸಿ ನೋಡಿದರು. ೧೯೨೪ರ ಹೊತ್ತಿಗೆ ಅದೇ ಯೋಚನೆ ಮರ ಕೊಯ್ಯುವ ಯಂತ್ರವಾಗಿತ್ತು.)

ಮೊದಲು ಪ್ಲಗ್ಗು ಕಿತ್ತು ನಿಮ್ಮ ಪಕ್ಕದಲ್ಲಿಟ್ಟುಕೊಳ್ಳಿ. ಸ್ವಿಚ್ಚು ಆರಿಸಿದರೆ ಸಾಲದು. ಯಂತ್ರವನ್ನು ಒತ್ತಿ ಬಿಟ್ಟು, ಬ್ಲೇಡು ತಾನಾಗಿ ಒಳಕ್ಕೆ ಹೋಗುವುದೇ ನೋಡಿ. ಹೋಗದಿದ್ದರೆ ಒಳಗೆ ಹೊಟ್ಟು ಸೇರಿದೆ. ತೆಗೆಯುವವರೆಗೆ ಕೆಲಸ ಬೇಡ. ಬ್ಲೇಡಿನ ಬಾಣದ ಗುರುತೂ ಯಂತ್ರದ ಬಾಣವೂ ಒಂದೇ ದಿಕ್ಕಿಗಿರಬೇಕು. ಮೊಂಡು ಬ್ಲೇಡು ಮರವನ್ನು ಕೊಯ್ಯುವುದಕ್ಕಿಂತ ಸುಡುವುದೇ ಹೆಚ್ಚು. ಬಲವಾಗಿ ನೂಕಬೇಕಾಗುತ್ತದೆ, ನೂಕಿದಲ್ಲೇ ಅಪಾಯ. ಆಳದ ಅಳತೆಯನ್ನು ಹಲಗೆಯ ದಪ್ಪಕ್ಕಿಂತ ಎರಡು ಮೂರು ಮಿಲಿಮೀಟರು ಮಾತ್ರ ಹೆಚ್ಚಿಗೆ ಇಡಿ. ಕೆಲವು ಯಂತ್ರಗಳಲ್ಲಿ ಪಟ್ಟಿಯ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಆದ್ದರಿಂದ ತುಂಡು ಹಲಗೆಯ ಮೇಲೆ ಒಮ್ಮೆ ಕೊಯ್ದು ನೋಡಿ. ಹಳೆಯ ಮನೆ ಬಿಚ್ಚಿದ ತೊಲೆಯಾದರೆ ಮೊಳೆ ಹುಡುಕಿ ಕಿತ್ತ ಮೇಲೆಯೇ ಯಂತ್ರ ತನ್ನಿ.

ಹಲಗೆಯನ್ನು ಇಡುವ ಬಗೆಯೇ ಎಲ್ಲಕ್ಕಿಂತ ಮುಖ್ಯ. ಎರಡು ಕಲ್ಲಿನ ಮೇಲೆ ಎರಡು ತುದಿಯಿಟ್ಟು ನಡುವೆ ಕೊಯ್ದರೆ, ಕೊಯ್ತ ಮುಗಿಯುವ ಹೊತ್ತಿಗೆ ಹಲಗೆ ಒಳಕ್ಕೆ ಕುಸಿದು ಸಂದು ಮುಚ್ಚುತ್ತದೆ. ನೆಲದ ಮೇಲೆ ನಾಲ್ಕು ರೀಪರು ಹಾಸಿ. ಕೊಯ್ಯುವ ಗೆರೆಯ ಆಚೆಗೆ ಎರಡು, ಈಚೆಗೆ ಎರಡು. ಎರಡು ತುಂಡೂ ಬೀಳದೆ, ಏಳದೆ, ಇದ್ದಲ್ಲೇ ಇರಬೇಕು. ಪಟ್ಟಿಯನ್ನು ಕ್ಲ್ಯಾಂಪಿನಿಂದ ಬಿಗಿಯಿರಿ. ತುದಿ ಹಿಡಿಯಲು ಯಾರನ್ನೂ ಕರೆಯಬೇಡಿ. ನನ್ನಂಥವನು ಬಂದು ಹಿಡಿಯಲು ಹೋದರೂ ಬೇಡವೆನ್ನಿ.

ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತಿಗೆ ವೋಲ್ಟೇಜು ಇಳಿದರೆ ಬ್ಲೇಡು ಸೊರಗಿ ಮರದಲ್ಲೇ ನಿಲ್ಲುತ್ತದೆ, ಆಗ ಕೊಯ್ಯಬೇಡಿ. ಉದ್ದಕ್ಕೆ ಎಳೆದ ತೆಳು ವೈರೂ ಅದನ್ನೇ ಮಾಡುತ್ತದೆ.

ಕೊಯ್ಯುವಾಗ ಬ್ಲೇಡಿನ ಸಾಲಿಗೆ ನೇರವಾಗಿ ನಿಲ್ಲದೆ ಒಂದು ಮಗ್ಗುಲಿಗೆ ನಿಲ್ಲಿ. ಎರಡೂ ಕೈ ಯಂತ್ರದ ಮೇಲಿರಲಿ. ಮೋಟಾರು ಪೂರ್ತಿ ವೇಗಕ್ಕೆ ಬಂದ ಮೇಲೆ ನಿಧಾನವಾಗಿ ಇಳಿಸಿ, ಮುಂದಕ್ಕೇ ತಳ್ಳಿ, ಹಿಂದಕ್ಕೆ ಎಳೆಯಲೇಬೇಡಿ. ಹಲಗೆಯ ನಡುವೆ ಇಳಿಸುವಾಗಲೇ ಯಂತ್ರ ಹೆಚ್ಚು ಒದೆಯುವುದು. ಅದರ ಹಿಂದೆ ಪಟ್ಟಿಯ ಮೇಲೆ ಒಂದು ತಡೆ ಬಿಗಿದಿಡಿ. ಸಿಕ್ಕಿಕೊಂಡರೆ ಎತ್ತಬೇಡಿ: ಸ್ವಿಚ್ಚು ಬಿಟ್ಟು, ಬ್ಲೇಡು ನಿಲ್ಲುವತನಕ ಅಲುಗದೆ ಹಿಡಿದುಕೊಳ್ಳಿ.

ಹೆಗಲ ಮೇಲಿನ ಟವೆಲ್ಲು ತೆಗೆದಿಡಿ. ಪಂಚೆಗಿಂತ ಚಡ್ಡಿಯೇ ವಾಸಿ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆಯಲ್ಲ, ಧೂಳು ತಡೆಯುವ ಮಾಸ್ಕೇ ಬೇಕು. ಮರದ ಹೊಟ್ಟು ಶ್ವಾಸಕ್ಕೆ ಕೆಟ್ಟದ್ದು. ಇನ್ನು ಕಬ್ಬಿಣ ಉಜ್ಜುವ ಕೈ ಗ್ರೈಂಡರಿಗೆ ಮರದ ಹಲ್ಲಿನ ಬ್ಲೇಡು ಹಾಕುವುದನ್ನು ದಯವಿಟ್ಟು ಬಿಡಿ. ನಾಲ್ಕಿಂಚಿನ ಗ್ರೈಂಡರು ನಿಮಿಷಕ್ಕೆ ೧೦,೦೦೦ ಸುತ್ತಿಗೂ ಮೇಲೆ ತಿರುಗುತ್ತದೆ, ಅದರ ಮುಚ್ಚಳ ಈ ಕೆಲಸಕ್ಕೆ ಮಾಡಿದ್ದಲ್ಲ.

ಇಷ್ಟಾಗಿಯೂ ಬೆರಳು ತುಂಡಾದರೆ, ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲಕ್ಕೆತ್ತಿ, ೧೦೮ಕ್ಕೆ ಫೋನು ಮಾಡಿ. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸಿನಲ್ಲಿಡಿ. ಬೆರಳಿಗೆ ಐಸು ನೇರವಾಗಿ ತಾಗಬಾರದು. ಅಂದು ಇದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಯಂತ್ರ ಇಲ್ಲೇ ಇದೆ. ಕೈಯಲ್ಲಿ ಹಿಡಿದು ನೋಡಬೇಕೆನ್ನುವವರು ಒಬ್ಬೊಬ್ಬರಾಗಿ ಬನ್ನಿ. ಹಳೆಯ ಹಲಗೆ ತರುವವರು ಮೊಳೆ ಕಿತ್ತು ತನ್ನಿ.