ಆಂಟೆನಾ ಮೂರು ದಿಕ್ಕಿಗೆ ತಿರುಗಿದ ಸೀಮೆ



ಟೆಲಿವಿಷನ್ ಎಂಬುದು ಮೊದಲು ಬೆಂಗಳೂರಿಗೆ, ಆಮೇಲೆ ಜಿಲ್ಲೆಯ ಊರುಗಳಿಗೆ, ಕಟ್ಟಕಡೆಗೆ ಹಳ್ಳಿಗೆ ಬಂದ ವಸ್ತು ಎಂಬುದು ಸಾಮಾನ್ಯ ತಿಳಿವಳಿಕೆ. ದೊಡ್ಡಾಸ್ಪತ್ರೆ, ಕಾಲೇಜು ಬಂದದ್ದೆಲ್ಲ ಹಾಗೆಯೇ ಅಲ್ಲವೇ? ಆದರೆ ಯಾದಗಿರಿ, ಶಹಾಪುರ, ಸುರಪುರದ ಸೀಮೆಗೆ ಬಂದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಹಿಂದೆ, 1975ರ ಆಗಸ್ಟ್ 1ರಂದು, ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಟಿ.ವಿ. ಪೆಟ್ಟಿಗೆ ಮಾತಾಡತೊಡಗಿತ್ತು. ಇಂದಿನ ಯಾದಗಿರಿ ಜಿಲ್ಲೆಯ ಈ ಮೂರೂ ತಾಲ್ಲೂಕುಗಳು ಆಗ ಗುಲ್ಬರ್ಗ ಜಿಲ್ಲೆಗೆ ಸೇರಿದ್ದವು.

ಆ ಯೋಜನೆಯ ಹೆಸರು 'ಸೈಟ್'. ಉಪಗ್ರಹದ ಮೂಲಕ ಹಳ್ಳಿಗೆ ಪಾಠ ಹೇಳುವ ಪ್ರಯೋಗ. ವಿಕ್ರಮ್ ಸಾರಾಭಾಯಿ ಅವರ ಕನಸು ಅದು. 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಂದಿಗೆ ಒಪ್ಪಂದವಾಯಿತು. ಅದು ಕೈಗೂಡುವ ಹೊತ್ತಿಗೆ ಸಾರಾಭಾಯಿ ಬದುಕಿರಲಿಲ್ಲ. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಆರಿಸಲಾಗಿತ್ತು. ಆಯ್ಕೆಗೆ ಹಿಂದುಳಿದಿರುವಿಕೆಯೇ ಅರ್ಹತೆ. ಈ ಸೀಮೆಗೆ ಆ ಪಟ್ಟ ಒಮ್ಮೆಯಾದರೂ ಉಪಯೋಗಕ್ಕೆ ಬಂತು ಎನ್ನಬೇಕು!

ಹಳ್ಳಿಯಲ್ಲಿ ನಿಲ್ಲಿಸಿದ ಆಂಟೆನಾ ಹತ್ತು ಅಡಿ ಅಗಲದ ಛತ್ರಿ. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ್ದು. ಎಟಿಎಸ್-6 ಎಂಬ ಆ ಉಪಗ್ರಹ ಆಫ್ರಿಕದ ಕೀನ್ಯಾ ದೇಶದ ನೆತ್ತಿಯ ಮೇಲಿತ್ತು. ಆದ್ದರಿಂದ ಇಲ್ಲಿಯ ಛತ್ರಿಗಳ ಮುಖ ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ವಾಲಿದಂತೆ, ಸಂಜೆ ಇಳಿಯುವ ಸೂರ್ಯನ ಕಡೆಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ. ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ. ಒಂದು ಚಿತ್ರದ ಜೊತೆಗೆ ಎರಡು ಧ್ವನಿ ಕಳಿಸುವ ಅನುಕೂಲ ಇದ್ದುದರಿಂದ ತೆಲುಗು, ಕನ್ನಡ ಜೊತೆಜೊತೆಯಾಗಿ ಬರುತ್ತಿದ್ದವು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಯಾವ ಊರಿನ ಒಕ್ಕಲಿಗನಿಗೆ ಯಾವ ಊರಿನಲ್ಲಿ ಕೂತು ಹೇಳುವುದು ಎಂಬ ಪ್ರಶ್ನೆ ಅಂದೇ ಹುಟ್ಟಿತ್ತು. ಈ ಉಪನ್ಯಾಸದ ಕೊನೆಯವರೆಗೂ ಅದು ಬೆನ್ನು ಬಿಡುವುದಿಲ್ಲ.

ಪ್ರಯೋಗ ಒಂದೇ ವರ್ಷದ್ದು. 1976ರ ಜುಲೈ 31ಕ್ಕೆ ಮುಗಿಯಿತು. ಅಮೆರಿಕ ತನ್ನ ಉಪಗ್ರಹವನ್ನು ವಾಪಸು ಕರೆದುಕೊಂಡಿತು. ತಂತಿಬಲೆಯ ಛತ್ರಿಗಳಿಗೆ ನೋಡಲು ಏನೂ ಉಳಿಯಲಿಲ್ಲ. ಜನರಿಗೆ ರುಚಿ ಹತ್ತಿಸಿ ತಟ್ಟೆ ಕಸಿದುಕೊಂಡಂತಾಯಿತು. ಈ ಕೊರತೆ ತುಂಬಲೆಂದೇ 1977ರಲ್ಲಿ ಗುಲ್ಬರ್ಗದಲ್ಲಿ ಭೂಮಿಯ ಮೇಲಿನ ಟ್ರಾನ್ಸ್‌ಮಿಟರ್ ಬಂತು. ಕರ್ನಾಟಕದ ಮೊದಲ ಟಿ.ವಿ. ಗೋಪುರ ಅದು.

ಆಂಟೆನಾ ಈಗ ಉತ್ತರಕ್ಕೆ ತಿರುಗಿತು. ಕಷ್ಟ ಶುರುವಾದದ್ದೂ ಇಲ್ಲಿಂದಲೇ.

ಟಿ.ವಿ. ತರಂಗಗಳು ಬಹುಮಟ್ಟಿಗೆ ನೇರವಾಗಿ ಓಡುತ್ತವೆ. ಭೂಮಿ ಮಾತ್ರ ಗುಂಡಗಿದೆ. ಗೋಪುರದ ಎತ್ತರವನ್ನು ಮೀಟರಿನಲ್ಲಿ ಹಿಡಿದು, ಅದರ ವರ್ಗಮೂಲವನ್ನು ನಾಲ್ಕರಿಂದ ಗುಣಿಸಿದರೆ ತರಂಗ ಎಷ್ಟು ಕಿಲೋಮೀಟರ್ ಹೋದೀತೆಂಬ ಅಂದಾಜು ಸಿಗುತ್ತದೆ. ಉದಾಹರಣೆಗೆ, 150 ಮೀಟರ್ ಎತ್ತರದ ಗೋಪುರಕ್ಕೆ ಸುಮಾರು 50 ಕಿ.ಮೀ. ಮನೆಯ ಮೇಲಿನ ಆಂಟೆನಾ ಹತ್ತು ಮೀಟರ್ ಎತ್ತರದಲ್ಲಿದ್ದರೆ ಇನ್ನೊಂದು 13 ಕಿ.ಮೀ. ಒಟ್ಟು 63. ಈಗ ದೂರ ನೋಡಿ. ಕಲಬುರಗಿಯಿಂದ ನೇರ ಗೆರೆ ಎಳೆದರೆ ಯಾದಗಿರಿಗೆ ಸುಮಾರು 70 ಕಿ.ಮೀ. ಶಹಾಪುರಕ್ಕೂ ಅಷ್ಟೇ. ಸುರಪುರಕ್ಕೆ 90. ಅಂದರೆ ಅಂಥ ಗೋಪುರಕ್ಕೆ ಮೂರೂ ಊರುಗಳು ಅಂಚಿನಾಚೆ. ತರಂಗ ಅಂಚಿನಲ್ಲಿ ಥಟ್ಟನೆ ನಿಲ್ಲುವುದಿಲ್ಲ ನಿಜ, ಸ್ವಲ್ಪ ಬಾಗುತ್ತದೆ, ಸೋರುತ್ತದೆ. ಆ ಸೋರಿದ್ದನ್ನು ಹಿಡಿಯುವುದೇ ಇಲ್ಲಿಯವರ ಪಾಡು.

ಸಾಲದ್ದಕ್ಕೆ ಬೆಟ್ಟಗಳು. ಯಾದಗಿರಿಯಲ್ಲಿ ಕೋಟೆಯ ಗುಡ್ಡ. ಶಹಾಪುರದಲ್ಲಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟಸಾಲು. ಸುರಪುರವಂತೂ ಬೆಟ್ಟಗಳ ನಡುವೆ ಕೂತ ಊರು. ವೈರಿ ಸೇನೆ ಸುಲಭಕ್ಕೆ ಒಳಬರಬಾರದೆಂದು ಅಲ್ಲಿಯ ನಾಯಕರು ನೆಚ್ಚಿದ್ದ ಬಂಡೆಗಳು ದೂರದರ್ಶನವನ್ನೂ ಅಷ್ಟೇ ನಿಷ್ಠೆಯಿಂದ ತಡೆದವು. ಗುಡ್ಡದ ಮರೆಯ ಮನೆಗೆ ಚಿತ್ರವಿಲ್ಲ. ಬಂಡೆಗೆ ಬಡಿದು ತಿರುಗಿದ ತರಂಗ ಒಂದು ಕ್ಷಣ ತಡವಾಗಿ ಬಂದರೆ ವಾರ್ತೆ ಓದುವವರ ಪಕ್ಕದಲ್ಲಿ ಅವರದೇ ನೆರಳು.

ಇದಕ್ಕೆ ಜನ ಕಂಡುಕೊಂಡ ಉಪಾಯ ಕಬ್ಬಿಣದ ಪೈಪು. ಮಾಳಿಗೆಯ ಮೇಲೆ ಪೈಪಿಗೆ ಪೈಪು ಜೋಡಿಸಿ, ತುದಿಗೆ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ, ಅದರ ಬುಡಕ್ಕೊಂದು ಬೂಸ್ಟರ್, ಗಾಳಿಗೆ ಅಲುಗದಂತೆ ನಾಲ್ಕು ಕಡೆ ತಂತಿ. ಒಬ್ಬ ಮೇಲೆ ನಿಂತು ಪೈಪು ತಿರುವಬೇಕು, ಇನ್ನೊಬ್ಬ ಒಳಗಿಂದ ಕೂಗಬೇಕು. "ಬಂತೇನು?" "ಬಂತು, ಬಂತು... ಹೋತು! ಹಿಂದಕ ತಿರಗಸು!" 1987-88ರ ರಾಮಾಯಣದ ಕಾಲದಲ್ಲಿ ನಾಡಿನ ಯಾವ ದೂರದ ಊರಿನಲ್ಲೂ ಭಾನುವಾರ ಬೆಳಿಗ್ಗೆ ಈ ಸಂಭಾಷಣೆ ಕೇಳದ ಓಣಿ ಇರಲಿಲ್ಲವೆನ್ನಬಹುದು. 1984ರಿಂದ ಸರ್ಕಾರ ಸಣ್ಣ ಊರುಗಳಲ್ಲಿ ಕಡಿಮೆ ಶಕ್ತಿಯ ಮರುಪ್ರಸಾರ ಯಂತ್ರಗಳನ್ನು ಭರದಿಂದ ಹೂಡಿತು. ಆದರೆ ಅವು ದೆಹಲಿಯದನ್ನೋ ರಾಜಧಾನಿಯದನ್ನೋ ಹಿಡಿದು ಮತ್ತೆ ಬಿಡುವ ಯಂತ್ರಗಳು. ಅವಕ್ಕೆ ಸ್ವಂತ ಮಾತಿಲ್ಲ.

ಹಳೆಯ ಅನಲಾಗ್ ಪ್ರಸಾರಕ್ಕೆ ಒಂದು ದೊಡ್ಡ ಗುಣವಿತ್ತು. ತರಂಗ ಸೊರಗಿದರೆ ಚಿತ್ರವೂ ಸೊರಗುತ್ತಿತ್ತು, ಸಾಯುತ್ತಿರಲಿಲ್ಲ. ಪರದೆಯ ತುಂಬ ರವೆ ಚೆಲ್ಲಿದಂತೆ ಚುಕ್ಕೆ ಇದ್ದರೂ ಮಾತು ಕೇಳುತ್ತಿತ್ತು, ಮುಖ ಗುರುತು ಸಿಗುತ್ತಿತ್ತು. ಡಿಜಿಟಲ್ ಹಾಗಲ್ಲ. ಅದು ಚಿತ್ರವನ್ನು ಅಂಕಿಗಳನ್ನಾಗಿಸಿ ಕಳಿಸುತ್ತದೆ. ಬೇಕಾದಷ್ಟು ಅಂಕಿ ಸರಿಯಾಗಿ ತಲುಪಿದರೆ ಕನ್ನಡಿಯಂಥ ಚಿತ್ರ. ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಚೌಕಚೌಕವಾಗಿ ಒಡೆದು ಕಪ್ಪು ಪರದೆ. ಅಂಚಿನ ಊರುಗಳಿಗೆ ಇದು ವರವೂ ಹೌದು, ಶಾಪವೂ ಹೌದು. ಪೈಪು ಇನ್ನೊಂದು ಗೇಣು ಎತ್ತರಿಸಿದರೆ ಪೂರ್ಣ ಚಿತ್ರ ಸಿಗಬಹುದು. ಇಲ್ಲದಿದ್ದರೆ ಏನೂ ಇಲ್ಲ. ಇನ್ನೊಂದು ಲಾಭವೂ ಇದೆ. ಅನಲಾಗ್‌ನಲ್ಲಿ ಒಂದು ವಾಹಿನಿ ನುಂಗುತ್ತಿದ್ದ ಜಾಗದಲ್ಲಿ ಡಿಜಿಟಲ್‌ಗೆ ಐದು ವಾಹಿನಿ ಹಿಡಿಸುತ್ತವೆ. ಒಂದರಲ್ಲಿ ದೆಹಲಿ, ಒಂದರಲ್ಲಿ ಚಂದನ, ಇನ್ನೊಂದರಲ್ಲಿ ಪೂರ್ತಿ ಕಲಬುರಗಿ ಎಂದು ಹಂಚಬಹುದಿತ್ತು.

ದೂರದರ್ಶನ 2016ರ ಫೆಬ್ರುವರಿಯಲ್ಲಿ ಡಿವಿಬಿ-ಟಿ2 ಎಂಬ ಈ ಭೂ ಡಿಜಿಟಲ್ ಪ್ರಸಾರವನ್ನು ದೇಶದ 16 ನಗರಗಳಲ್ಲಿ ಆರಂಭಿಸಿದಾಗ ಪಟ್ಟಿಯಲ್ಲಿದ್ದ ಕರ್ನಾಟಕದ ಊರು ಬೆಂಗಳೂರೊಂದೇ. ರಾಜ್ಯದಲ್ಲಿ ಮೊದಲು ಗೋಪುರ ಕಂಡ ಕಲಬುರಗಿಯ ಹೆಸರಿರಲಿಲ್ಲ. ಬೆಂಗಳೂರಿನಿಂದ ಸುರಪುರಕ್ಕೆ ನೇರ ದೂರ ಸುಮಾರು 400 ಕಿ.ಮೀ. ಆಗಲೇ ಹೇಳಿದ ಲೆಕ್ಕ ಹಾಕಿದರೆ ಅಷ್ಟು ದೂರ ಮುಟ್ಟಿಸಲು ಬೆಂಗಳೂರಿನಲ್ಲಿ ಎವರೆಸ್ಟ್ ಶಿಖರದಷ್ಟು ಎತ್ತರದ ಗೋಪುರ ಬೇಕು!

ಬದಲಿಗೆ ಇದ್ದದ್ದನ್ನೂ ಕಳಚುವ ಕಾಲ ಬಂತು. ಅನಲಾಗ್ ಟ್ರಾನ್ಸ್‌ಮಿಟರುಗಳು ಹಳತಾದವು, ನೋಡುವವರಿಲ್ಲ, ವಿದ್ಯುತ್ ಖರ್ಚು ದಂಡ, ಆ ತರಂಗಾಂತರ ಬೇರೆಯದಕ್ಕೆ ಬೇಕು ಎಂಬುದು ಪ್ರಸಾರ ಭಾರತಿಯ ವಾದ. ಆಯಕಟ್ಟಿನ ಜಾಗಗಳ ಐವತ್ತರಷ್ಟನ್ನು ಬಿಟ್ಟು ಉಳಿದವನ್ನೆಲ್ಲ 2022ರ ಮಾರ್ಚ್ 31ರೊಳಗೆ ನಿಲ್ಲಿಸುವುದಾಗಿ ಅದು ಪ್ರಕಟಿಸಿತು. 2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಕೇಂದ್ರವೇ ಮುಚ್ಚುತ್ತದೆಂಬ ಸುದ್ದಿ ಹಬ್ಬಿದಾಗ, ಅಸ್ಸಾಮಿನ ಸಿಲ್ಚರ್ ಜೊತೆಗೆ ಕಲಬುರಗಿಯ ಹೆಸರನ್ನೂ ಹೇಳಿ, ಕೇಂದ್ರ ಉಳಿಯುತ್ತದೆ, ಅಲ್ಲಿ ತಯಾರಾದ ಕಾರ್ಯಕ್ರಮಗಳು ಚಂದನ ವಾಹಿನಿಯಲ್ಲೂ ಯೂಟ್ಯೂಬಿನಲ್ಲೂ ಬರುತ್ತವೆ ಎಂದು ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು.

ಸ್ಪಷ್ಟನೆ ಸುಳ್ಳಲ್ಲ. ಖರ್ಚಿನ ವಾದವೂ ತಳ್ಳಿಹಾಕುವಂಥದ್ದಲ್ಲ. ಆದರೆ ಕಳೆದುಹೋದದ್ದು ಯಂತ್ರ ಮಾತ್ರವಲ್ಲ. ಭೂ ಟ್ರಾನ್ಸ್‌ಮಿಟರಿಗೆ ಒಂದು ಎಲ್ಲೆ ಇರುತ್ತದೆ. ಅದು ಅದರ ದೋಷ, ಅದೇ ಅದರ ಬೆಲೆ. ಕಲಬುರಗಿಯ ಗೋಪುರದಿಂದ ಹೊರಟ ಮಾತು ಮೈಸೂರಿಗೆ ಕೇಳುವಂತಿರಲಿಲ್ಲ. ಆದ್ದರಿಂದ ಅದು ಈ ಸೀಮೆಗೆಂದೇ ಆಡಿದ ಮಾತಾಗಿತ್ತು. ತೊಗರಿಯ ರೋಗ, ಭೀಮಾ-ಕೃಷ್ಣೆಯರ ನೀರು, ಇಲ್ಲಿಯ ತತ್ವಪದದವರು, ಇಲ್ಲಿಯ ನುಡಿ, ಇವಕ್ಕೆ ಸಮಯ ಕೊಡಲು ಬೇರೆಯವರ ಒಪ್ಪಿಗೆ ಕೇಳಬೇಕಿರಲಿಲ್ಲ. ಉಪಗ್ರಹ ವಾಹಿನಿಯೋ ಇಡೀ ರಾಜ್ಯಕ್ಕೆ ಒಂದೇ. ಅಲ್ಲಿ ಕಲಬುರಗಿಗೆ ಸಿಗುವುದು ಒಂದು ಪಾಲು. ಆ ಪಾಲನ್ನು ಅಳೆದು ಕೊಡುವವರು ಬೇರೆ ಊರಿನಲ್ಲಿದ್ದಾರೆ. 1975ರ ಹೈದರಾಬಾದಿನ ಪ್ರಶ್ನೆ ಹೊಸ ವಿಳಾಸದೊಂದಿಗೆ ವಾಪಸು ಬಂದಿದೆ.

ಈಗ ಆಂಟೆನಾದ ಮೂರನೆಯ ದಿಕ್ಕು. 2004ರ ಡಿಸೆಂಬರ್‌ನಲ್ಲಿ ಶುರುವಾದ ದೂರದರ್ಶನದ ಉಚಿತ ಡಿಶ್ ಸೇವೆಗೆ ಎರಡಡಿ ತಟ್ಟೆ ಸಾಕು. ಯಾದಗಿರಿಯಲ್ಲಿ ಅದನ್ನು ಸರಿಯಾಗಿ ಆಗ್ನೇಯಕ್ಕೆ ತಿರುಗಿಸಿ, ಅರುವತ್ತು ಡಿಗ್ರಿಗಿಂತ ತುಸು ಮೇಲಕ್ಕೆ ಮುಖ ಮಾಡಬೇಕು. ಒಮ್ಮೆ ಕೊಂಡರೆ ತಿಂಗಳ ಬಾಡಿಗೆಯಿಲ್ಲ. ತರಂಗ ನೆತ್ತಿಯ ಕಡೆಯಿಂದಲೇ ಇಳಿಯುವುದರಿಂದ ಸುರಪುರದ ಬೆಟ್ಟಗಳ ಕಾಟ ಬಹಳವಿಲ್ಲ. ಬಡವರ ಮನೆಗೆ ಇದಕ್ಕಿಂತ ಅಗ್ಗದ ದಾರಿ ಸದ್ಯಕ್ಕಿಲ್ಲ. ಕಾಟ ಮಳೆಯದು. ಈ ಸಣ್ಣ ಅಲೆಗಳನ್ನು ದಪ್ಪ ಮಳೆ ಹೀರಿಬಿಡುತ್ತದೆ. ಭೂ ಪ್ರಸಾರದ ಉದ್ದ ಅಲೆಗಳಿಗೆ ಮಳೆ ಲೆಕ್ಕಕ್ಕಿಲ್ಲ. 2009ರಲ್ಲಿ, ಮತ್ತೆ 2020ರಲ್ಲಿ ನೆರೆ ಕಂಡ ಸೀಮೆಯಿದು. ಸುದ್ದಿ ತೀರ ಬೇಕಾದ ಗಳಿಗೆಯಲ್ಲೇ ತಟ್ಟೆ ಕುರುಡಾಗಬಹುದು.

ಭೂಗೋಪುರದ ಕತೆ ಪೂರಾ ಮುಗಿದಂತಿಲ್ಲ. ಟಿ.ವಿ. ಪ್ರಸಾರವನ್ನು ಇಂಟರ್‌ನೆಟ್ ಇಲ್ಲದೆ ನೇರವಾಗಿ ಮೊಬೈಲಿಗೆ ಇಳಿಸುವ 'ಡೈರೆಕ್ಟ್ ಟು ಮೊಬೈಲ್' ಪ್ರಯೋಗಕ್ಕೆ ಪ್ರಸಾರ ಭಾರತಿ ಕಾನ್ಪುರದ ಐಐಟಿಯ ಜೊತೆ ಸೇರಿತು. 2023ರಲ್ಲಿ ದೆಹಲಿ, ನೋಯ್ಡಾ, ಬೆಂಗಳೂರಿನಲ್ಲಿ ಪರೀಕ್ಷೆಗಳೂ ನಡೆದವು. ಅದಕ್ಕೂ ಬೇಕಾದದ್ದು ನೆಲದ ಮೇಲಿನ ಟ್ರಾನ್ಸ್‌ಮಿಟರೇ, ಬಳಸುವುದೂ ಟಿ.ವಿ.ಗೆಂದು ಮೀಸಲಿದ್ದ ತರಂಗಾಂತರವನ್ನೇ. ಅದು ಬೆಂಗಳೂರಿನಿಂದ ಉತ್ತರಕ್ಕೆ ಬರುವ ದಿನ ಕೇಳಬೇಕಾದ ಮಾತು ಎರಡೇ: ಗೋಪುರ ಕಲಬುರಗಿಯಲ್ಲಿ ನಿಲ್ಲುತ್ತದೆಯೇ, ನಿಂತರೆ ಅದಕ್ಕೆ ಮಾತು ಕೊಡುವವರು ಎಲ್ಲಿ ಕೂತಿರುತ್ತಾರೆ?